ಮೂರನೇ ಸಿಲಿಂಡರು

ಲಾರಿ ಗುಂಡ್ಲುಪೇಟೆಯ ಸಂತೆಮಾಳದ ಅಂಚಿನಲ್ಲಿ ಹುಣಸೆಮರದ ಕೆಳಗೆ ನಿಂತಿತ್ತು. ಮೈತುಂಬ ಈರುಳ್ಳಿ ಚೀಲ. ಕೇರಳಕ್ಕೆಂದು ಹೊರಟದ್ದು ಬಂಡೀಪುರದ ಏರಿನಲ್ಲಿ ಉಸಿರು ಕಟ್ಟಿ, ಹೇಗೋ ತಿರುಗಿಸಿಕೊಂಡು ಹಿಂದಕ್ಕೆ ಬಂದಿತ್ತು. ಚಾಮರಾಜನಗರದ ನಮ್ಮ ಷೆಡ್ಡಿಗೆ ಸುದ್ದಿ ಮುಟ್ಟಿದ ಮಾರನೆಯ ಬೆಳಿಗ್ಗೆ ಮೇಸ್ತ್ರಿಯೂ ನಾನೂ ಸಾಮಾನಿನ ಚೀಲ ಹೊತ್ತು ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಬಂದಿಳಿದೆವು.

ಐವತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಕಡೆ ಡೀಸೆಲ್ ಲಾರಿ ಇನ್ನೂ ಹೊಸತು. ಜನ ಕ್ರೂಡಾಯಿಲ್ ಗಾಡಿ ಅನ್ನುತ್ತಿದ್ದರು. ಪೆಟ್ರೋಲ್ ಎಂಜಿನ್ನಿನಲ್ಲಿ ಕೈ ಪಳಗಿದ್ದ ನಮಗೆ ಅದರ ಮುಂದೆ ನಿಂತರೆ ಗುರುತಿಲ್ಲದ ಊರಿಗೆ ಬಂದ ಹಾಗಾಗುತ್ತಿತ್ತು. ಕಿಡಿ ಹಾರಿಸುವ ಪ್ಲಗ್ಗಿಲ್ಲ, ಕಾರ್ಬುರೇಟರಿಲ್ಲ. ಒಂದು ಪಂಪು ಎಣ್ಣೆಯನ್ನು ಸಣ್ಣ ಉಕ್ಕಿನ ಪೈಪುಗಳಲ್ಲಿ ಅದುಮಿ, ಪ್ರತಿ ಸಿಲಿಂಡರಿನ ತಲೆಯ ಮೇಲೆ ಕೂತಿರುವ ಇಂಜೆಕ್ಟರಿಗೆ ಕಳಿಸುತ್ತದೆ. ಇಂಜೆಕ್ಟರಿನೊಳಗಿನ ಸೂಜಿ ಆ ಒತ್ತಡಕ್ಕೆ ಮೇಲೆದ್ದು ಎಣ್ಣೆಯನ್ನು ಮಂಜಿನಂತೆ ಸಿಲಿಂಡರಿನೊಳಕ್ಕೆ ಚಿಮ್ಮಿಸುತ್ತದೆ. ಅಲ್ಲಿ ಒತ್ತಿ ಕಾಯ್ದ ಗಾಳಿಗೆ ತಾಗಿ ಅದು ಉರಿಯುತ್ತದೆ. ಇಷ್ಟನ್ನು ನನಗೆ ಕಲಿಸಿದವರು ಮೇಸ್ತ್ರಿ.

ಅವರು ಹರವೆಯವರು. ಮೈಸೂರಿನ ವರ್ಕ್‌ಷಾಪೊಂದರಲ್ಲಿ ಒಂದು ಮಳೆಗಾಲ ಪೂರ್ತಿ ಕೂತು ಡೀಸೆಲ್ ಕೆಲಸ ಕಲಿತು ಬಂದಿದ್ದರು. ನಮ್ಮ ಷೆಡ್ಡಿನಲ್ಲಿ ಪಂಪಿಗೆ ಸ್ಪ್ಯಾನರ್ ಹಾಕುವವರು ಅವರೊಬ್ಬರೇ. ನಾನು ಪಕ್ಕದಲ್ಲಿ ನಿಂತು ಕೈಜೋಡಿಸುವವನು. ಮೇಸ್ತ್ರಿ ಕಣ್ಣಿಗೆ ಕಾಣದ ಸಂದಿಗಳಲ್ಲಿ ಕೈ ತೂರಿಸಿ ನಟ್ಟು ಬಿಗಿಯೋ ಸಡಿಲವೋ ಬೆರಳಲ್ಲೇ ಹೇಳುತ್ತಿದ್ದರು. ನೋಡಿದ್ದಕ್ಕಿಂತ ಮುಟ್ಟಿದ್ದನ್ನು ನಂಬುವ ಮನುಷ್ಯ.

ಲಾರಿಯ ಡ್ರೈವರು ಚಕ್ರಕ್ಕೆ ಒರಗಿ ಕೂತಿದ್ದವನು ನಮ್ಮನ್ನು ಕಂಡು ಎದ್ದ.

"ಸಮದಲ್ಲಿ ಚೆಂದಾಗೇ ಓಡ್ತದೆ ಮೇಸ್ತ್ರೀ. ಏರು ಸಿಕ್ಕುದ್ರೆ ಏಟು ತಪ್ಪುಸ್ತದೆ, ಬಿಳೀ ಹೊಗೆ ಬುಡ್ತದೆ, ಆಮೇಲೆ ನಿಂತೇ ಓಯ್ತದೆ. ಕೈಪಂಪು ಒತ್ತುದ್ರೆ ಇನ್ನೊಂದು ಗಳಿಗೆ ಓಡ್ತದೆ, ಮತ್ತೆ ಅದೇ ರಾಗ."

ಮೇಸ್ತ್ರಿ ಮೊದಲು ಟ್ಯಾಂಕಿನಿಂದ ಪಂಪಿನವರೆಗೆ ಎಣ್ಣೆ ಬರುವ ಪೈಪಿನ ಉದ್ದಕ್ಕೂ ಕೈಯಾಡಿಸಿದರು. ಲಾರಿಯ ಅಡಿಗೆ ಮಲಗಿ ಒಂದೊಂದು ಜಾಯಿಂಟನ್ನೂ ಮುಟ್ಟಿ ನೋಡಿದರು. ಎಲ್ಲೂ ಎಣ್ಣೆಯ ಪಸೆ ಇರಲಿಲ್ಲ. ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಸೇರಿದೆಯೇ ಎಂದು ನೋಡಿದೆವು, ಇರಲಿಲ್ಲ. ಫಿಲ್ಟರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಹಾಕಿದೆ. ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿದರೆ ಎಂಜಿನ್ನಿಗೆ ಎಣ್ಣೆ ಸಾಲದು; ಆ ಗಾಳಿಯನ್ನು ಹೊರಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಗಳು ನಿಂತು ಬರಿ ಎಣ್ಣೆ ಬರುವವರೆಗೆ ಕೈಪಂಪು ಒತ್ತಿದೆವು. ಎಂಜಿನ್ನು ಎದ್ದಿತು. ಒಂದು ಸುತ್ತು ನೋಡೋಣವೆಂದು ಬಂಡೀಪುರದ ರಸ್ತೆಗೆ ಹೊರಟರೆ, ಮೊದಲ ಏರಿನಲ್ಲೇ ಕುಂಟತೊಡಗಿತು. ಕುಂಟುತ್ತಲೇ ಮರದಡಿಗೆ ವಾಪಸ್ಸು ಬಂದೆವು.

"ಆಫ್ ಮಾಡ್ಬ್ಯಾಡ" ಎಂದು ಮೇಸ್ತ್ರಿ ಡ್ರೈವರಿಗೆ ಕೂಗಿ, ಬಾನೆಟ್ ಎತ್ತಿದರು. ಒಂದೊಂದೇ ಇಂಜೆಕ್ಟರಿನ ಪೈಪಿನ ನಟ್ಟನ್ನು ಸಡಿಲಿಸುತ್ತ ಹೋದರು. ಕೆಲಸ ಮಾಡುತ್ತಿರುವ ಸಿಲಿಂಡರಿಗೆ ಎಣ್ಣೆ ತಪ್ಪಿಸಿದರೆ ಎಂಜಿನ್ನಿನ ಸದ್ದು ಕುಗ್ಗುತ್ತದೆ. ಒಂದನೆಯದು ಕುಗ್ಗಿತು. ಎರಡನೆಯದೂ ಕುಗ್ಗಿತು. ಮೂರನೆಯದರಲ್ಲಿ ಏನೂ ಆಗಲಿಲ್ಲ. ಬಿಗಿದು ಮತ್ತೆ ಸಡಿಲಿಸಿದರು. ಸದ್ದು ಹಾಗೆಯೇ ಇತ್ತು. ಉಳಿದ ಮೂರನ್ನೂ ನೋಡಿ ಮತ್ತೆ ಮೂರನೆಯದಕ್ಕೇ ಬಂದರು.

"ಇವ್ನೇ ಕಣ್ಲಾ ಕಳ್ಳ. ಸೂಜಿ ಕಚ್ಕಂಡದೆ. ಬಿಚ್ಚು."

ನನಗೂ ಹಾಗೆಯೇ ಅನ್ನಿಸಿತ್ತು. ಎಂಜಿನ್ನು ತಾನೇ ಬೆರಳು ಮಾಡಿ ತೋರಿಸಿದ ಮೇಲೆ ಬೇರೆ ಯೋಚನೆ ಯಾಕೆ ಬರಬೇಕು?

ಎಂಜಿನ್ನು ನಿಲ್ಲಿಸಿ ಇಂಜೆಕ್ಟರನ್ನು ಹೊರಕ್ಕೆ ತೆಗೆದೆ. ನಮ್ಮಲ್ಲಿ ಅದನ್ನು ಪರೀಕ್ಷಿಸುವ ಯಂತ್ರ ಇರಲಿಲ್ಲ. ಅದನ್ನು ಅದರ ಪೈಪಿಗೇ ತಿರುಗಿಸಿ ಜೋಡಿಸಿ, ಬಾಯಿ ಹೊರಗೆ ಬರುವ ಹಾಗೆ ಹಿಡಿದು, ಎಂಜಿನ್ನನ್ನು ಹ್ಯಾಂಡಲಿನಿಂದ ತಿರುಗಿಸಿ ಎಣ್ಣೆ ಹೇಗೆ ಬರುತ್ತದೆಂದು ನೋಡುವುದು ಆಗಿನ ಪದ್ಧತಿ. ಸೂಜಿ ಕಚ್ಚಿಕೊಂಡಿದ್ದರೆ ಎಣ್ಣೆ ತೊಟ್ಟಿಕ್ಕುತ್ತದೆ. ಸರಿಯಿದ್ದರೆ ಮಂಜಿನಂತೆ ಚಿಮ್ಮುತ್ತದೆ. ಉಳಿದ ಪೈಪುಗಳನ್ನು ಸಡಿಲಿಸಿ ಎಂಜಿನ್ನು ಹತ್ತಿಕೊಳ್ಳದಂತೆ ಮಾಡಿ, ಡ್ರೈವರು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದ. ಇಂಜೆಕ್ಟರಿನ ಬಾಯಲ್ಲಿ ಒಂದೆರಡು ಗುಳ್ಳೆ ಒಡೆದು ತೊಟ್ಟು ಎಣ್ಣೆ ಇಳಿಯಿತು.

"ನೋಡುದ್ಯಾ, ಉಗುಳಕ್ಕೇ ಆಯ್ತಾ ಇಲ್ಲ ಇದ್ಕೆ. ಇನ್ನೊಂದ್ಸಲ ತಿರುಗ್ಸು."

ಮರದ ಎಲೆಗಳ ಸಂದಿಯಿಂದ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಆ ಬೆಳಕಿನಲ್ಲಿ ಸಣ್ಣ ಹನಿ ಕಾಣುವುದಿಲ್ಲ. ಮೇಸ್ತ್ರಿ ಬಲಗೈ ಅಂಗೈಯನ್ನು ಇಂಜೆಕ್ಟರಿನ ಬಾಯಿಗೆ ಅಡ್ಡ ಹಿಡಿದರು. ಡ್ರೈವರು ಹ್ಯಾಂಡಲ್ ಎಳೆದ. 'ಚಿಟ್' ಎಂದಿತು. ಕೈ ಹಿಂದಕ್ಕೆಳೆದುಕೊಂಡರು.

"ಏನಾಯ್ತು?"

"ಏನಿಲ್ಲ, ಮುಳ್ಳಾಡ್ದಂಗಾಯ್ತು."

ತೋರುಬೆರಳಿನ ಬುಡದಲ್ಲಿ ಗುಂಡುಸೂಜಿಯ ತುದಿಯಷ್ಟು ಚುಕ್ಕೆ. ರಕ್ತವೂ ಇರಲಿಲ್ಲ. ವೇಸ್ಟ್ ಬಟ್ಟೆಯಲ್ಲಿ ಒರೆಸಿಕೊಂಡು, "ಸೂಜಿ ಬುಟ್ಕತು ನೋಡು, ಎಂಗೆ ಚಿಮ್ತು ಈಗ" ಎಂದು ನಕ್ಕರು. ಇಂಜೆಕ್ಟರನ್ನು ಒರೆಸಿ ಮತ್ತೆ ಕೂರಿಸಿದೆವು. ಎಂಜಿನ್ನು ಸಮನಾಗಿ ಓಡಿತು. ಡ್ರೈವರಿಗೆ ಸಮಾಧಾನವಾಯಿತು. ಬೆಳಿಗ್ಗೆ ಇನ್ನೊಮ್ಮೆ ಏರಿನಲ್ಲಿ ನೋಡಿ ಕಳಿಸುವುದೆಂದು ತೀರ್ಮಾನ ಮಾಡಿ ಕೈ ತೊಳೆದುಕೊಂಡು ಹೋಟೆಲಿಗೆ ಹೋದೆವು. ಊಟ ಮಾಡುವಾಗ ಅವರು ಒಂದೆರಡು ಸಲ ಬೆರಳು ಮಡಚಿ ಬಿಚ್ಚಿ ನೋಡಿಕೊಂಡರು. ಕೇಳಿದ್ದಕ್ಕೆ, "ಜೋಮು ಹಿಡ್ದಂಗಾಗದೆ" ಅಂದರು. ಸಂಜೆ ಛತ್ರದಲ್ಲಿ ಚಾಪೆ ಬಿಡಿಸುವ ಹೊತ್ತಿಗೆ ಅಂಗೈ ಊದಿತ್ತು. ಛತ್ರದವರು ಬಿಸಿನೀರಿನ ಶಾಖ ಕೊಡಿಸಿದರು.

ಬೆಳಕು ಹರಿಯುತ್ತಲೇ ಡ್ರೈವರನ್ನು ಕರೆದುಕೊಂಡು ಲಾರಿ ಓಡಿಸಿ ನೋಡಲು ಹೋದೆ. ಬಂಡೀಪುರದ ರಸ್ತೆಯ ಅದೇ ಏರಿನಲ್ಲಿ ಎಂಜಿನ್ನು ಅದೇ ರೀತಿ ಕುಂಟಿತು. ಬಿಳಿ ಹೊಗೆ. ನಿಂತೇ ಹೋಯಿತು. ಕೈಪಂಪು ಒತ್ತಿ, ಗಾಳಿ ಬಿಟ್ಟು, ವಾಪಸ್ಸು ತಂದೆವು. ಈ ಸುದ್ದಿಯನ್ನು ಮೇಸ್ತ್ರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಛತ್ರಕ್ಕೆ ಬಂದರೆ, ಅವರು ಜಗಲಿಯ ಮೇಲೆ ಕೂತು ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅದು ಅವರ ಕೈಯಂತೆ ಕಾಣಲಿಲ್ಲ. ಅಂಗೈ ಉಬ್ಬಿ ಚರ್ಮ ಮಿನುಗುತ್ತಿತ್ತು. ತೋರುಬೆರಳು ಬೂದಿ ಬಣ್ಣಕ್ಕೆ ತಿರುಗಿ ತಣ್ಣಗಿತ್ತು. ಮಣಿಕಟ್ಟಿನಿಂದ ಮೇಲಕ್ಕೆ ಕೆಂಪು ಗೆರೆಯೊಂದು ಏರಿತ್ತು.

"ಡಾಕ್ಟ್ರತ್ರ ಓಗನ ಏಳಿ" ಅಂದೆ.

"ಲಾರಿ ಏನಾಯ್ತು?"

"ಅದು ಆಮೇಲೆ."

"ಏಟು ತಪ್ಪುಸ್ತಾ?"

ನಾನು ಅವರನ್ನು ಎಬ್ಬಿಸಲು ಕೈ ಚಾಚಿದೆ. ಅವರಿಗೆ ಅರ್ಥವಾಯಿತು. "ಪಂಪು ಬಿಚ್ಬೇಕು ಅಂಗಾರೆ" ಎನ್ನುತ್ತ ಎದ್ದರು. ಎದ್ದವರು ಕಂಬ ಹಿಡಿದುಕೊಂಡು ನಿಂತರು. ಮೈ ಸುಡುತ್ತಿತ್ತು.

ಊರಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸಮಾಧಾನಿ. ಮೊದಲು ಮುಳ್ಳು ಮುರಿದು ಒಳಗೆ ಉಳಿದಿದೆ ಅಂದುಕೊಂಡರು. ಚುಕ್ಕೆಯ ಹತ್ತಿರ ಸಣ್ಣಗೆ ಕೊಯ್ದರು. ಕೀವು ಬರಲಿಲ್ಲ. ಬಂದದ್ದು ಎಣ್ಣೆ. ಸ್ಪಿರಿಟ್ಟಿನ ವಾಸನೆಯಿದ್ದ ಆ ಕೋಣೆಯಲ್ಲಿ ನಮ್ಮ ಷೆಡ್ಡಿನ ವಾಸನೆ ಎದ್ದಿತು. ಡಾಕ್ಟರು ಹತ್ತಿಯನ್ನು ಮೂಗಿನ ಹತ್ತಿರ ಹಿಡಿದು ನನ್ನ ಕಡೆ ನೋಡಿದರು.

"ಏನು ಮಾಡ್ತಾ ಇದ್ರಿ, ಸರಿಯಾಗಿ ಹೇಳಿ."

ಹೇಳಿದೆ. ಇಂಜೆಕ್ಟರು ಎಂದರೇನು, ಎಣ್ಣೆ ಎಷ್ಟು ರಭಸದಲ್ಲಿ ಬರುತ್ತದೆ ಎಂದು ವಿವರಿಸಿದೆ. ಹೇಳುತ್ತ ಹೇಳುತ್ತ ನನಗೇ ಅದು ಹೊಳೆಯಿತು. ಒತ್ತಿ ಹಿಡಿದ ಗಾಳಿಯನ್ನೇ ಸೀಳಿಕೊಂಡು ಒಳಗೆ ನುಗ್ಗುವ ಎಣ್ಣೆಗೆ ಮನುಷ್ಯನ ಚರ್ಮ ಯಾವ ಲೆಕ್ಕ?

"ಇಂಥದ್ದು ನಾನು ಓದಿಲ್ಲ, ನೋಡಿಲ್ಲ" ಅಂದರು ಡಾಕ್ಟರು. "ಆದರೆ ಎಣ್ಣೆ ಬೆರಳಿನೊಳಗೆಲ್ಲ ಹರಡಿದೆ. ಕೈ ಬಿಚ್ಚಿ ತೊಳೀಬೇಕು, ಇಲ್ಲಿ ಆಗಲ್ಲ. ಮೈಸೂರಿಗೆ ಕರ್ಕೊಂಡು ಹೋಗಿ. ಕಾಯ್ಬೇಡಿ."

ಮೈಸೂರಿನ ಬೆಳಗಿನ ಬಸ್ಸು ಆಗಲೇ ಹೋಗಿಯಾಗಿತ್ತು. ಮುಂದಿನದು ಮಧ್ಯಾಹ್ನ ಕಳೆದ ಮೇಲೆ. ಸಂತೆಮಾಳದಲ್ಲಿ ನಿಲ್ಲುತ್ತಿದ್ದ ಲಾರಿಗಳೆಲ್ಲ ನಸುಕಿನಲ್ಲೇ ಹೊರಟುಹೋಗಿದ್ದವು. ಉಳಿದದ್ದು ನಮ್ಮದೊಂದೇ, ಅದೂ ಕುಂಟುವುದು.

ಮೇಸ್ತ್ರಿಯನ್ನು ಮರದ ನೆರಳಿನಲ್ಲಿ ಕೂರಿಸಿದೆ. ಅವರು ಜ್ವರದಲ್ಲೂ ಕೆಲಸದ ದಾರಿಯನ್ನೇ ಹೇಳುತ್ತಿದ್ದರು. ಪಂಪಿನ ಮೇಲಿನ ಕವರು ತೆಗೆ, ಮೂರನೆಯದರ ವಾಲ್ವು ನೋಡು, ಸ್ಪ್ರಿಂಗು ಮುರಿದಿರಬೇಕು. ಅವರು ಹೇಳಿದಂತೆ ಮಾಡಿದರೆ ದಿನ ಪೂರ್ತಿ ಹಿಡಿಯುತ್ತಿತ್ತು. ಬಿಚ್ಚಿದ ಪಂಪನ್ನು ನಾನು ಸರಿಯಾಗಿ ಕೂರಿಸುತ್ತೇನೆಂಬ ಭರವಸೆಯೂ ಇರಲಿಲ್ಲ.

ಬಾನೆಟ್ಟಿನ ಮುಂದೆ ನಿಂತು ನಾನು ಬೇರೆ ಲೆಕ್ಕ ಹಾಕಿದೆ. ರೋಗ ಎಲ್ಲಿದೆಯೆಂದು ಹುಡುಕುವ ಹೊತ್ತು ಇದಲ್ಲ, ಲಾರಿ ಮೈಸೂರು ಮುಟ್ಟಿದರೆ ಸಾಕು. ಪ್ರತಿ ಸಲವೂ ಗಾಳಿ ಬಿಟ್ಟ ಮೇಲೆ ಸ್ವಲ್ಪ ದೂರ ಸರಿಯಾಗಿ ಓಡುತ್ತದೆ. ಅಂದರೆ ಎಲ್ಲಿಂದಲೋ ಗಾಳಿ ಸೇರುತ್ತಿದೆ. ಎಲ್ಲಿಂದ ಅನ್ನುವುದು ಬೇಡ. ಟ್ಯಾಂಕು, ಅದರ ಪೈಪು, ಕೈಪಂಪು ಎಲ್ಲವನ್ನೂ ಬಿಟ್ಟುಬಿಡೋಣ. ಕ್ಯಾಬಿನ್ನಿನ ತಲೆಯ ಮೇಲೆ ಡೀಸೆಲ್ ತುಂಬಿದ ಡಬ್ಬ ಕಟ್ಟಿ, ಅದರಿಂದ ಪೈಪು ಇಳಿಸಿ ನೇರ ಫಿಲ್ಟರಿಗೆ ಕೊಟ್ಟರೆ ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಗಾಳಿ ಸೇರಲು ದಾರಿಯಿಲ್ಲ.

ಮೇಸ್ತ್ರಿಗೆ ಹೇಳಿದೆ. ಅವರು ತಲೆಯಾಡಿಸಿದರು.

"ಮೂರ್ನೇ ಸಿಲಿಂಡ್ರು ಸತ್ತದೆ ಕಣ್ಲಾ. ಡಬ್ಬ ಕಟ್ಟುದ್ರೆ ಅದು ಎದ್ದದಾ? ಪಂಪು ಬಿಚ್ಚು ಅಂದ್ರೆ ಬಿಚ್ಚು."

"ಬಿಚ್ಚಲ್ಲ ಮೇಸ್ತ್ರೀ."

ಅವರ ಮಾತಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ನನ್ನನ್ನೇ ನೋಡಿದರು. ಬೈಯಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಸಂತೆಮಾಳದ ಹಿಂದೆ ತಗಡಿನ ಕೆಲಸದವನೊಬ್ಬನಿದ್ದ. ಸೀಮೆಎಣ್ಣೆ ಡಬ್ಬದ ತಳಕ್ಕೆ ತೂತು ಕೊರೆದು, ನಮ್ಮ ಚೀಲದಲ್ಲಿದ್ದ ತಾಮ್ರದ ಪೈಪಿನ ತುಂಡನ್ನು ಬೆಸೆದುಕೊಟ್ಟ. ನಾನು ಡಬ್ಬ ಹೊತ್ತು ವಾಪಸ್ಸು ಬರುವಷ್ಟರಲ್ಲಿ ಲಾರಿ ಮಾಲೀಕರ ರೈಟರು ಬಂದು ಡ್ರೈವರಿನ ಜೊತೆ ಜಗಳಕ್ಕೆ ನಿಂತಿದ್ದರು. ಸರಕಿನ ಲೆಕ್ಕ ನೋಡಿಕೊಳ್ಳುವವರು ಅವರು.

"ಕೇರಳಕ್ಕೋಗೋ ಸರಕನ್ನ ಮೈಸೂರಿಗೆ ತಕ್ಕೊಂಡೋದ್ರೆ ಧಣಿಗಳಿಗೆ ನಾನೇನು ಹೇಳ್ಲಿ? ಮಧ್ಯಾಹ್ನ ಬಸ್ ಬರುತ್ತಲ್ಲ, ಅದರಲ್ಲಿ ಕಳ್ಸಿ."

ಡ್ರೈವರು ಲಾರಿಯ ಹಿಂಭಾಗಕ್ಕೆ ಹೋದ. ಚೀಲಗಳ ಮೇಲೆ ಹತ್ತಿ ಹಗ್ಗ ಬಿಚ್ಚತೊಡಗಿದ. ಮೊದಲ ಚೀಲ ನೆಲಕ್ಕೆ ಬಿದ್ದಾಗ ರೈಟರು ಹಿಂದೆ ಸರಿದರು.

"ಬಂದು ಕೈ ನೋಡಿ ಸ್ವಾಮಿ. ನೋಡ್ಬುಟ್ಟು ಆಮೇಲೆ ಮಾತಾಡಿ" ಅಂದ ಡ್ರೈವರು ಮೇಲಿನಿಂದ.

ರೈಟರು ಮರದಡಿಗೆ ಹೋಗಿ ನೋಡಿದರು. ವಾಪಸ್ಸು ಬಂದು ಸಂತೆಮಾಳದ ಹಮಾಲಿಗಳನ್ನು ತಾವೇ ಕೂಗಿ ಕರೆದರು. ಚೀಲಗಳು ಬೇಗ ಇಳಿದವು.

ಮೇಸ್ತ್ರಿಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಊದಿದ ಕೈಯನ್ನು ಮಡಚಿದ ಕಂಬಳಿಯ ಮೇಲೆ ಎತ್ತಿ ಇಟ್ಟೆ. ಡೀಸೆಲ್ ತುಂಬಿ ಕ್ಯಾಬಿನ್ನಿನ ತಲೆಗೆ ಬಿಗಿದ ಡಬ್ಬ ಕುಲುಕುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಪೈಪು ಒಳಗಿಳಿದಿತ್ತು. ಅದು ಎಲ್ಲಿ ಕಿತ್ತುಬರುತ್ತದೋ ಎಂದು ನಾನು ಆಗಾಗ ಬಾಗಿಲ ಹೊರಗೆ ತಲೆಹಾಕಿ ನೋಡುತ್ತಿದ್ದೆ. ಬೇಗೂರು ಬಂತು. ದಾರಿಯ ಏರುಗಳಲ್ಲಿ ಡ್ರೈವರು ಗೇರು ಇಳಿಸಿ ಕಾಲು ಒತ್ತಿದ. ಎಂಜಿನ್ನು ಒಂದೇ ದನಿಯಲ್ಲಿ ಏರನ್ನು ಹತ್ತಿಬಿಟ್ಟಿತು. ಡ್ರೈವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಮೇಸ್ತ್ರಿ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿರಬೇಕೆಂದುಕೊಂಡಿದ್ದೆ.

"ಒಂದೇಟೂ ತಪ್ಪುಸ್ತಾ ಇಲ್ಲ" ಅಂದರು, ಕಣ್ಣು ತೆರೆಯದೆ.

"ಹೂಂ."

"ಮೂರ್ನೇದೂ ಒಡೀತಾ ಅದೆ."

"ಅದೂ ಹೊಡೀತಾ ಅದೆ ಮೇಸ್ತ್ರೀ."

ಮೇಸ್ತ್ರಿ ಕಣ್ಣು ತೆರೆದು ಬಾನೆಟ್ಟಿನ ಕಡೆ ನೋಡಿದರು.

"ಅಂಗಾರೆ ಇಂಜೆಕ್ಟ್ರು ಚೆಂದಾಗೇ ಇತ್ತು."

ನಾನು ರಸ್ತೆಯ ಕಡೆ ನೋಡಿದೆ. ಪೈಪಿನಲ್ಲಿ ಸೇರಿದ ಗಾಳಿ ಮೂರನೆಯದರಲ್ಲಿ ಸಿಕ್ಕಿಕೊಂಡಿತ್ತು, ಅಷ್ಟೇ. ಅದಕ್ಕೇ ಅದು ಸತ್ತಂತೆ ಕಂಡಿತು. ಅದಕ್ಕೇ ಮೊದಲು ಗುಳ್ಳೆ ಬಂತು, ತೊಟ್ಟಿಕ್ಕಿತು. ಗಾಳಿ ಹೊರಬಿದ್ದ ಮರುಕ್ಷಣ ಅದು ತನ್ನ ಕೆಲಸವನ್ನು ಸರಿಯಾಗಿ ಮಾಡಿತು. ಆಗ ಮುಂದೆ ಅವರ ಕೈ ಇತ್ತು.

"ಏಳ್ಲಾ. ಇತ್ತೋ ಇಲ್ವೋ?"

"ಇತ್ತು."

"ಚೆಂದಾಗಿದ್ದುದ್ಕೇ ಒಳೀಕೋಯ್ತು ಬುಡು" ಅಂದರು. ನಂಜನಗೂಡು ದಾಟಿದೆವು. ಡ್ರೈವರು ಒಮ್ಮೆ ಬೀಡಿ ಹಚ್ಚಿದವನು ಸೇದದೆ ಹೊರಕ್ಕೆ ಎಸೆದ.

ಮೈಸೂರಿನ ಆಸ್ಪತ್ರೆಯಲ್ಲಿ ಅಂದೇ ಕೈ ಬಿಚ್ಚಿ ತೊಳೆದರು. ಅಂಗೈಯಿಂದ ಬೆರಳುಗಳ ಒಳಗಿನವರೆಗೂ ಎಣ್ಣೆ ಹರಡಿತ್ತಂತೆ. ತೋರುಬೆರಳನ್ನು ಆ ದಿನವೇ ತೆಗೆದರು. ಉಳಿದದ್ದು ನಿಲ್ಲಬಹುದು ಎಂದು ಸರ್ಜನರು ಹೇಳಿದ್ದರು, ನಿಲ್ಲಲಿಲ್ಲ. ಕಪ್ಪು ಬಣ್ಣ ದಿನದಿನಕ್ಕೆ ಮಣಿಕಟ್ಟಿನ ಕಡೆಗೆ ಏರಿತು. ಹರವೆಯಿಂದ ಮೇಸ್ತ್ರಿಯ ಹೆಂಡತಿ ಬಂದರು. ಅವರು ಬಂದ ಮೇಲೆ ಸರ್ಜನರು ಹೊರಗೆ ಕರೆದು, ಜೀವ ಉಳಿಯಬೇಕಾದರೆ ಮಣಿಕಟ್ಟಿನ ಮೇಲಕ್ಕೆ ತೆಗೆಯಬೇಕು ಎಂದರು. ಆಕೆ ಅಳಲಿಲ್ಲ. "ಬಲಗೈಯಾ?" ಎಂದು ಕೇಳಿದರು, ಗೊತ್ತಿದ್ದರೂ.

"ಗಾಯ ಆದ ದಿನವೇ ಬಂದಿದ್ದರೆ?" ಎಂದು ನಾನು ಸರ್ಜನರನ್ನು ಕೇಳಿದೆ.

"ಬಂದಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ" ಅಂದರು. "ಅಷ್ಟು ಸಣ್ಣ ಚುಕ್ಕೆಗೆ ಯಾರು ಬರುತ್ತಾರೆ?"

ಅದಾದ ಮೇಲೆ ನಾನು ಗುಂಡ್ಲುಪೇಟೆಗೆ ವಾಪಸ್ಸು ಬಂದು, ಡ್ರೈವರು ಡಬ್ಬದ ಎಣ್ಣೆಯಲ್ಲೇ ಹಿಂದಕ್ಕೆ ತಂದು ನಿಲ್ಲಿಸಿದ್ದ ಲಾರಿಯ ಅಡಿಗೆ ಮಲಗಿದೆ. ಟ್ಯಾಂಕಿನಿಂದ ಹೊರಟ ಪೈಪನ್ನು ಪೂರ್ತಿ ಬಿಚ್ಚಿ ತೆಗೆದು, ಬಕೆಟ್ ನೀರಿನಲ್ಲಿ ಮುಳುಗಿಸಿ, ಒಂದು ತುದಿ ಮುಚ್ಚಿ ಇನ್ನೊಂದು ತುದಿಯಿಂದ ಊದಿದೆ. ಚಾಸಿಯ ಉಕ್ಕಿನ ಚೌಕಟ್ಟಿಗೆ ಬಿಗಿದಿದ್ದ ಕ್ಲಿಪ್ಪಿನ ಜಾಗದಿಂದ ಗುಳ್ಳೆಗಳು ಎದ್ದವು. ಕ್ಲಿಪ್ಪು ಉಜ್ಜಿ ಉಜ್ಜಿ ಪೈಪು ಕೂದಲೆಳೆಯಷ್ಟು ಸೀಳಿತ್ತು. ಎಂಜಿನ್ನು ಹೆಚ್ಚು ಎಣ್ಣೆ ಕೇಳಿದಾಗ, ಏರಿನಲ್ಲಿ, ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಅದೇ ತಗಡಿನ ಕೆಲಸದವನು ಮಾತಾಡುತ್ತ ಮಾತಾಡುತ್ತಲೇ ಬೆಸುಗೆ ಹಾಕಿ ಕೊಟ್ಟ. ಲಾರಿ ಬಂಡೀಪುರದ ಏರು ಹತ್ತಿತು. ಮತ್ತೆ ಕೆಡಲಿಲ್ಲ.

ಚಾಮರಾಜನಗರದಲ್ಲಿ ಷೆಡ್ಡಿನ ಮಾಲೀಕರು ಕೇಳಿದರು: "ಪೈಪು ಸೀಳಿದ್ದಕ್ಕೆ ಇಂಜೆಕ್ಟರ್ ಯಾಕಯ್ಯಾ ಬಿಚ್ಚಿದ್ರು?"

"ಎಂಜಿನ್ನು ಅದನ್ನೇ ತೋರಿಸ್ತು ಸ್ವಾಮಿ. ಬೇರೆ ಯಾರಾಗಿದ್ರೂ ಅದನ್ನೇ ಬಿಚ್ತಿದ್ರು."

ಷೆಡ್ಡಿನ ಪಂಪಿನ ಕೆಲಸ ನನಗೆ ಬಂತು. ಬಯಸಿದ ಕೆಲಸವೇ, ಆದರೆ ಕೈಗೆ ಬಂದಾಗ ಯಾರ ಮುಖವನ್ನೂ ನೋಡಲಾಗಲಿಲ್ಲ.

ಮೇಸ್ತ್ರಿ ಊರಿಗೆ ಮರಳಿ ಸ್ವಲ್ಪ ದಿನವಾದ ಮೇಲೆ ಒಂದು ಬೆಳಿಗ್ಗೆ ಹರವೆಗೆ ಹೋದೆ. ಮನೆಯ ಜಗಲಿಯ ಮೇಲೆ ಕೂತಿದ್ದರು. ಅಂಗಿಯ ಬಲತೋಳನ್ನು ಮಡಚಿ ಹೊಲಿದಿದ್ದರು. ಗಾಯದ ಮಾತು, ಮನೆಯ ಮಾತು ಏನೂ ಆಡಲಿಲ್ಲ. ನಾನು ಕೂರುವ ಮುಂಚೆಯೇ ಕೇಳಿದರು.

"ಎಲ್ಲಿ ಸೀಳಿತ್ತು?"

"ಚಾಸಿನ ಕ್ಲಿಪ್ಪಿನಡೀಲಿ."

"ಯಾವ ಕ್ಲಿಪ್ಪು? ಟ್ಯಾಂಕಿನ ಕಡೇದಾ?"

"ಅದೇ."

"ಅಲ್ಲಿ ಮುಟ್ಟಿ ನೋಡಿದ್ದೆ ಕಣ್ಲಾ. ಒಣುಗಿತ್ತು."

"ಎಳ್ಕಳೋ ಪೈಪಲ್ವಾ ಮೇಸ್ತ್ರೀ. ಗಾಳಿ ಒಳೀಕೋಯ್ತದೆ. ಎಣ್ಣೆ ಈಚೆಗೆ ಬರಲ್ಲ."

ಅವರು ಬೀದಿಯ ಕಡೆ ನೋಡಿದರು. "ಅದ್ನ ನಿಂಗೆ ಏಳ್ಕೊಟ್ಟವ್ನೇ ನಾನು" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಒಳಗಿನಿಂದ ಅವರ ಹೆಂಡತಿ, "ಪೂಜೆ ಮುಗುಸ್ಕಳಿ, ಅಣ್ಣನೂ ಉಂಡ್ಕೊಂಡು ಓಗ್ಲಿ" ಎಂದು ಕರೆದರು. ನಾನೂ ಒಳಗೆ ಹೋಗಿ ಗೋಡೆಗೆ ಒರಗಿ ಕೂತೆ. ಮೇಸ್ತ್ರಿ ಮಣೆಯ ಮೇಲೆ ಕೂತು ಎಡಗೈ ಮುಂದೆ ಚಾಚಿದರು. ಆಕೆ ಅವರ ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ಆ ಅಂಗೈ ಮೇಲೆ ಇಟ್ಟರು. ನೀರೆರೆದರು, ವಿಭೂತಿ ಹಚ್ಚಿದರು. ಬಲಗೈ ಮಾಡಬೇಕಾದ ಕೆಲಸವೆಲ್ಲ ಈಗ ಆಕೆಯ ಕೈಯದು. ಕೈ ಇನ್ನೂ ಹೊಂದಿಕೊಂಡಿರಲಿಲ್ಲ. ಪತ್ರೆ ಲಿಂಗದ ಮೇಲೆ ನಿಲ್ಲದೆ ಜಾರಿತು.

"ಅಂಗಲ್ಲ" ಅಂದರು ಮೇಸ್ತ್ರಿ ಮೆಲ್ಲಗೆ. "ಒಸಿ ಓರೆ ಮಾಡಿಡು."

ಆಕೆ ಓರೆ ಮಾಡಿ ಇಟ್ಟರು.

"ಇನ್ನೊಸಿ ಈಚ್ಗೆ. ಹಾಂ, ಅಲ್ಲಿ. ಈಗ ಬುಡು ಕೈನ."

ಪತ್ರೆ ನಿಂತಿತು.